ಗಂಗುಬಾಯಿ ಹುಡುಕಿದ ಓಣಿ

ಮನೆ ನೋಡಲು ಹೋದ ಕಡೆಯೆಲ್ಲ ಗಂಗುಬಾಯಿಯ ಕಣ್ಣು ಮೊದಲು ಹೋಗುತ್ತಿದ್ದುದು ಕರೆಂಟಿನ ಬೋರ್ಡಿನ ಕಡೆಗೆ. ಇಚಲಕರಂಜಿಯಲ್ಲಿ ಪಂಚಗಂಗಾ ಹೊಳೆಯ ಮಗ್ಗುಲಿಗೆ ಮನೆ ಕೊಳ್ಳುವವರಿಗೆ ಈ ಗುಟ್ಟು ಗೊತ್ತಿರಬೇಕು. ಎರಡು ಸಾವಿರದ ಹತ್ತೊಂಬತ್ತರ ಮಹಾಪೂರ ಇಳಿದ ಮೇಲೆ ಜನ ಗೋಡೆ ತೊಳೆದು ಬಣ್ಣ ಬಳಿದರು, ಕೊಳೆತ ಬಾಗಿಲು ಕಿತ್ತು ಹೊಸದು ಕೂಡಿಸಿದರು. ನೀರು ನಿಂತ ಗುರುತು ಎಲ್ಲೂ ಉಳಿಯಲಿಲ್ಲ. ಆದರೆ ಬೋರ್ಡುಗಳನ್ನು ಮಾತ್ರ ತಲೆಗಿಂತ ಎತ್ತರಕ್ಕೆ ಏರಿಸಿಕೊಂಡರು. ಬೋರ್ಡು ಎತ್ತರದಲ್ಲಿದೆಯೆಂದರೆ ಪಂಚಗಂಗೆ ಆ ಮನೆಯೊಳಗೆ ಒಮ್ಮೆ ಬಂದು ಹೋಗಿದ್ದಾಳೆ ಎಂದೇ ತಿಳಿಯಬೇಕು.

ದಂಡೆಯ ಹತ್ತಿರದ ಮೊದಲ ಮನೆಯ ಮಾಲೀಕ ಹೊಸ ಫರಸಿ, ಹಿತ್ತಲಿನ ಕರಿಬೇವು, ಮಾಳಿಗೆಯ ಮೇಲಿನ ಗಾಳಿ, ಎಲ್ಲ ತೋರಿಸಿ ಮುಗಿಸುವವರೆಗೆ ಅವಳು ಸುಮ್ಮನಿದ್ದಳು.

“ಬೋರ್ಡು ಇಷ್ಟ್ಯಾಕ ಮ್ಯಾಲ ಕೂಡಿಸೀರಿ, ಸಾವಕಾರ್ರ? ದೀಪಾ ಹಚ್ಚಬೇಕಂದ್ರ ನಾ ಸ್ಟೂಲ್ ಹತ್ತಬೇಕಲ್ರಿ.”

“ಮಕ್ಕಳ ಕೈಗೆ ನಿಲಕಬಾರ್ದಂತ್ರಿ.”

“ಎಷ್ಟ ಮಕ್ಕಳ್ರಿ ನಿಮಗ?”

ಮಾಲೀಕನಿಗೆ ಮಕ್ಕಳೇ ಇರಲಿಲ್ಲ. ಗಂಗುಬಾಯಿ ಕೈಮುಗಿದು ಹೊರಗೆ ಬಂದಳು. ಪಕ್ಕದ ಮನೆಯ ಮುದುಕಿಯನ್ನು ವಿಚಾರಿಸಿದಾಗ, ಈ ಓಣಿಯಲ್ಲಿ ನಾವೆಯಲ್ಲಿ ಕೂರಿಸಿಕೊಂಡು ಜನರನ್ನು ಸಾಗಿಸಿದ್ದರು ಎಂದು ಗೊತ್ತಾಯಿತು.

ಅವಳದೂ ಅವಸರದ ಹುಡುಕಾಟವೇ. ಮದುವೆಯಾಗಿ ಹುಕ್ಕೇರಿ ಕಡೆಯ ಹಳ್ಳಿಯಿಂದ ಬಂದಾಗಿನಿಂದ ಅವಳಿದ್ದುದು ಮಗ್ಗದ ಕಾರಖಾನೆಯೊಂದರ ಹಿಂದಿನ ಚಾಳದಲ್ಲಿ, ಸಾಲುಮನೆಗಳ ಒಂದೇ ಖೋಲಿಯಲ್ಲಿ. ಮೂವತ್ತು ವರ್ಷ ಕಾಂಡಿ ಮಷೀನಿನ ಮುಂದೆ ನಿಂತು ಮಗ್ಗಕ್ಕೆ ಬೇಕಾದ ನೂಲು ಸುತ್ತಿದವಳು. ಅಲ್ಲೇ ಅಮರನನ್ನು ಹೆತ್ತಳು, ಅಲ್ಲಿಂದಲೇ ಅವನ ಮದುವೆ ಮಾಡಿದಳು. ಈಗ ಚಾಳ ಕೆಡವಿ ಕಾರಖಾನೆ ದೊಡ್ಡದು ಮಾಡುತ್ತೇನೆ, ದೀಪಾವಳಿಯೊಳಗೆ ಖೋಲಿ ಬಿಡಿ ಎಂದು ಕಾರಖಾನೆಯ ಮಾಲೀಕ ಸೇಠ ಹೇಳಿ ಕಳಿಸಿದ್ದ. ಬ್ಯಾಂಕು ಸಾಲ ಮಂಜೂರು ಮಾಡಿತ್ತು. ಯಾವ ಓಣಿಯಲ್ಲಿ ಮನೆ ಕೊಳ್ಳುವುದು ಎಂಬುದೊಂದು ತೀರ್ಮಾನವಾಗಬೇಕಿತ್ತು.

ಅದೊಂದೇ ಗಂಗುಬಾಯಿಯ ಜೀವ ತಿನ್ನುತ್ತಿತ್ತು. ಅವಳ ಗಂಡ ಕಾಡಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಕಾಡಪ್ಪ ಜಾಬರನಾಗಿದ್ದ, ಎಂದರೆ, ಕೆಟ್ಟ ಮಗ್ಗ ರಿಪೇರಿ ಮಾಡುವವನು. ಒಳ್ಳೆಯ ಜಾಬರ ಕಾರಖಾನೆಯ ಹೊಸ್ತಿಲ ಮೇಲೆ ನಿಂತೇ, ನಲವತ್ತು ಮಗ್ಗಗಳ ಗದ್ದಲದಲ್ಲಿ ಯಾವ ಮಗ್ಗದ ಸದ್ದು ತಾಳ ತಪ್ಪಿದೆ ಎಂದು ಬೊಟ್ಟು ಮಾಡಿ ತೋರಿಸುತ್ತಾನೆ. ಕಾಡಪ್ಪ ಅಂಥವನೇ ಆಗಿದ್ದ. ಆರು ವರ್ಷದ ಹಿಂದೆ ಆ ಗದ್ದಲವೇ ಅವನ ಕಿವಿಗಳನ್ನು ನುಂಗಿ ನೀರು ಕುಡಿಯಿತು. ಅಂದಿನಿಂದ ಮಗ್ಗದ ಚೌಕಟ್ಟಿನ ಮೇಲೆ ಅಂಗೈಯಿಟ್ಟು, ಅದು ನಡುಗುವ ರೀತಿಯಿಂದಲೇ ರೋಗ ಹಿಡಿಯುತ್ತಿದ್ದ. ಕೆಲಸದಲ್ಲಿ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಆದರೂ ಕಿವುಡ ಜಾಬರನೆಂದು ಸುದ್ದಿಯಾದರೆ ಯಾವ ಸೇಠ ಕರೆದಾನು? “ಯಾರ ಮುಂದೂ ಬಾಯಿ ಬಿಡಬ್ಯಾಡ, ನಿನ್ನ ಮಗನ ಆಣಿ” ಎಂದು ಅವನು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ.

ಮಗ್ಗದ ಜನರ ನಡುವೆ ಇರುವ ತನಕ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಅಲ್ಲಿ ಯಾರ ಮಾತು ಯಾರಿಗೂ ಕೇಳುವುದಿಲ್ಲ. ಒಬ್ಬರ ಎದುರಿಗೆ ಒಬ್ಬರು ನಿಂತು ತುಟಿ ನೋಡಿ ಮಾತಾಡುತ್ತಾರೆ. ದೂರವಿದ್ದರೆ ಕೈಸನ್ನೆ. ಬೆರಳು ಸುತ್ತಿದರೆ ನೂಲು ಮುಗಿದಿದೆ, ಟೊಪ್ಪಿಗೆ ಮುಟ್ಟಿದರೆ ಸೇಠ ಬಂದಿದ್ದಾನೆ, ಕಿರುಬೆರಳು ಬಾಯಿಗಿಟ್ಟರೆ ಚಹಾ ಬಂದಿದೆ. ಈ ಭಾಷೆಯಲ್ಲಿ ಜನ ಜಗಳಾಡುತ್ತಾರೆ, ಚಾಡಿ ಹೇಳುತ್ತಾರೆ, ಬೀಗತನವನ್ನೂ ಕುದುರಿಸುತ್ತಾರೆ. ಗಂಗುಬಾಯಿಯೂ ಅದರಲ್ಲಿ ಪಳಗಿದವಳಾದ್ದರಿಂದ ಗಂಡಹೆಂಡಿರ ಮಾತುಕತೆಗೆ ದನಿಯ ಹಂಗೇ ಇರಲಿಲ್ಲ.

ತೊಂದರೆಯಿದ್ದುದು ಮಗನ ಹತ್ತಿರ. ಅಮರ ಆರು ವರ್ಷದ ಹಿಂದೆಯೇ, ಮಗ್ಗದ ಕೆಲಸಕ್ಕೆ ಬರುವುದಿಲ್ಲವೆಂದು ಹಟ ಹಿಡಿದು ಮೋಟಾರ್‌ಸೈಕಲ್ಲಿನ ಶೋರೂಮಿಗೆ ಸೇರಿದ್ದ. ಕಾಡಪ್ಪ ಎಂಟು ದಿನ ಮುಖ ಗಂಟು ಹಾಕಿಕೊಂಡಿದ್ದು, ಆಮೇಲೆ ಅದನ್ನು ಮರೆತೂ ಬಿಟ್ಟಿದ್ದ. ಕಿವಿ ಪೂರ್ತಿ ಹೋದದ್ದು ಅದೇ ಹೊತ್ತಿನಲ್ಲಿ. ಅಮರ ಮಾತಾಡುವುದು ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡು, ಇಲ್ಲವೇ ಬೆನ್ನ ಹಿಂದಿನಿಂದ, ಇಲ್ಲವೇ ತಲೆಗೆ ಹೆಲ್ಮೆಟ್ ಏರಿಸಿದ ಮೇಲೆ. ಅಪ್ಪ ಉತ್ತರ ಕೊಡುತ್ತಿರಲಿಲ್ಲ.

“ಅಪ್ಪಗ ನನ್ನ ಮ್ಯಾಲಿನ ಸಿಟ್ಟ ಇನ್ನೂ ಇಳದಿಲ್ಲ ನೋಡ, ಅವ್ವಾ” ಎಂದು ಅವನು ಅಂದಾಗಲೆಲ್ಲ ಗಂಗುಬಾಯಿ ಕೈಗೆ ಸಿಕ್ಕ ಕೆಲಸ ಹಿಡಿಯುತ್ತಿದ್ದಳು. ನಾಲಗೆಯ ತುದಿಯವರೆಗೆ ಬಂದ ಮಾತು ಆಣೆ ನೆನಪಾಗಿ ಒಳಗೆ ಹೋಗುತ್ತಿತ್ತು.

ಆ ಸಿಟ್ಟು ಇಳಿಸಬೇಕೆಂದೇ ಅಮರ ಊರ ಹೊರಗಿನ ಮಾಳದ ಮೇಲಿನ ಹೊಸ ಕಾಲನಿಯಲ್ಲಿ ಮನೆ ಹುಡುಕಿದ್ದ. ಅಗಲವಾದ ರಸ್ತೆ, ಮನೆಗೊಂದು ಗೇಟು, ಸುತ್ತ ಹರದಾರಿಯಲ್ಲಿ ಒಂದು ಮಗ್ಗವಿಲ್ಲ. ಜೀವನವಿಡೀ ಗದ್ದಲದಲ್ಲಿ ಬೆಂದ ಅಪ್ಪನಿಗೆ ಇನ್ನಾದರೂ ಶಾಂತಿ ಸಿಗಲೆಂಬುದು ಅವನ ಆಸೆ. ಹೊಟ್ಟೆಯ ಮಗನ ಆಸೆಗೆ ಕಲ್ಲು ಹಾಕುವುದು ತಾಯಿಗೆ ಸುಲಭವಲ್ಲ. ಒಂದು ರವಿವಾರ ಎಲ್ಲರೂ ಅಲ್ಲಿಗೆ ಹೋದರು.

ಮಾಲೀಕ ದುಂಡಪ್ಪನವರು ಬೆಲ್ಲದ ವ್ಯಾಪಾರಿ. ಹಣೆಯ ತುಂಬ ವಿಭೂತಿ, ಮೆಲುವಾದ ಮಾತು, ನೋಡಿದರೆ ಗೌರವ ಹುಟ್ಟುವಂಥ ಮನುಷ್ಯ. ಆದರೆ ಅವರ ಮೀಸೆ ಮೇಲ್ತುಟಿ ದಾಟಿ ಕೆಳತುಟಿಯ ಮೇಲೆ ಜೋತು ಬಿದ್ದಿತ್ತು. ಆ ಮೀಸೆ ಕಂಡದ್ದೇ ಗಂಗುಬಾಯಿ ಗಂಡನ ಪಕ್ಕಕ್ಕೆ ಸರಿದು ನಿಂತಳು. ಅದರ ಹಿಂದಿನ ಮಾತನ್ನು ಓದುವುದು ಎಂಥ ಜಾಬರನಿಗೂ ಆಗುವಂತಿರಲಿಲ್ಲ.

“ಏಕದಮ್ ಶಾಂತ ವಸ್ತಿ ಐತ್ರಿ ಇದು” ಎಂದರು ದುಂಡಪ್ಪನವರು. “ಮಧ್ಯಾಹ್ನ ಗುಬ್ಬಿ ರೆಕ್ಕಿ ಬಡದ್ರೂ ಕೇಳಸ್ತೈತಿ. ಯಜಮಾನ್ರ, ನೀವ ಏನಂತೀರಿ?”

ಕಾಡಪ್ಪ ಮೀಸೆಯನ್ನೇ ನೋಡುತ್ತ ನಕ್ಕ.

“ಅವರಿಗೆ ಪಸಂದ ಬಿದ್ದೈತ್ರಿ, ಮನಿಗೆ ಹೋಗಿ ವಿಚಾರ ಮಾಡ್ತೇವಂತಾರ” ಎಂದು ಗಂಗುಬಾಯಿ ನಡುವೆ ಬಂದಳು.

“ಯಜಮಾನ್ರು ಭಾಳ ಕಮ್ಮಿ ಮಾತಲ್ರಿ.”

“ಮನಿಯಾಗ ನಾ ಭಾಳ ಮಾತಾಡ್ತೇನ್ರಿ. ಅವರ ಪಾಲಿಂದೂ ನಾನ ಮುಗಿಸಿ ಬಿಡ್ತೇನಿ.”

ದುಂಡಪ್ಪನವರು ನಕ್ಕರು. ಅಮರ ನಗಲಿಲ್ಲ. ಅಪ್ಪ ಬೇಕಂತಲೇ ಮಾತಾಡಲಿಲ್ಲವೆಂದು ಅವನ ಮುಖ ಸಣ್ಣದಾಗಿತ್ತು. ಸೊಸೆ ವೃಷಾಲಿ ಕಂಕುಳಲ್ಲಿ ಹತ್ತು ತಿಂಗಳ ಕೂಸನ್ನು ಇಟ್ಟುಕೊಂಡು ಗೇಟಿನ ಹತ್ತಿರ ನಿಂತು ಆಚೀಚೆಯ ಮನೆಗಳನ್ನು ನೋಡುತ್ತಿದ್ದಳು. ಎಲ್ಲ ಬಾಗಿಲುಗಳೂ ಮುಚ್ಚಿದ್ದವು.

ಗಂಗುಬಾಯಿಗೆ ಆ ಕಾಲನಿಯಲ್ಲಿ ಮುಂದಿನ ದಿನಗಳು ಕಣ್ಣಿಗೆ ಕಟ್ಟಿದವು. ಕಾಡಪ್ಪ ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ದಾರಿಯಲ್ಲಿ ಹೋಗುವವರು ಏನೋ ಕೇಳುತ್ತಾರೆ, ಇವನು ಸುಮ್ಮನೆ ನಗುತ್ತಾನೆ. ಎರಡು ಸಲ ಕೇಳಿದವರು ಮೂರನೆಯ ಸಲ ಕೇಳುವುದಿಲ್ಲ. ಇದ್ದ ಬಾಯಿಯೂ ಸತ್ತುಹೋಗುತ್ತದೆ.

ಮರುದಿನದಿಂದ ಅವಳು ಕಾಂಡಿ ಕೆಲಸ ಮುಗಿದದ್ದೇ ಚಪ್ಪಲಿ ಮೆಟ್ಟಿ ಹೊರಬೀಳತೊಡಗಿದಳು. ಸುದ್ದಿ ಸಿಕ್ಕಿದ್ದು ಗುರುಸಿದ್ದನಿಂದ. ಅವನು ಕಾಡಪ್ಪನ ಹಳೆಯ ಜೊತೆಗಾರ, ನೇಕಾರ. ಹೊಳೆ ಕಡೆಯ ಅದೇ ಬಡಾವಣೆಯಲ್ಲಿ, ಆದರೆ ದಂಡೆಯಿಂದ ಸಾಕಷ್ಟು ಏರಿಗೆ ಇರುವ ಓಣಿಯಲ್ಲಿ ಅವನ ಮನೆ. ತನ್ನ ಮನೆಯೆದುರಿನ ರಾಯವ್ವ ಹುಪರಿಯಲ್ಲಿರುವ ಮಗಳ ಹತ್ತಿರ ಹೋಗುತ್ತಿದ್ದಾಳೆ, ಮನೆ ಮಾರುತ್ತಾಳೆ ಎಂದು ಅವನು ಓಡುವ ಮಗ್ಗಗಳ ನಡುವೆ ಕೈಯಲ್ಲೇ ಹೇಳಿದ್ದ.

ಗಂಗುಬಾಯಿ ಹೋಗಿ ನೋಡಿದಳು. ಬೋರ್ಡುಗಳು ಇರಬೇಕಾದ ಎತ್ತರದಲ್ಲೇ ಇದ್ದವು. ಮಹಾಪೂರದ ವರ್ಷ ನೀರು ಎಲ್ಲಿಯವರೆಗೆ ಬಂತೆಂದು ಬೇರೆಬೇರೆ ಮೂರು ಮನೆಗಳಲ್ಲಿ ಕೇಳಿದಳು; ಮೂವರೂ ಕೆಳಗಿನ ತಿರುವಿನ ಬೇವಿನಮರವನ್ನೇ ತೋರಿಸಿದರು. ನಳದ ನೀರು ದಿನಬಿಟ್ಟು ದಿನ ಬರುತ್ತಿತ್ತು. ಅಂಗಳದಲ್ಲಿ ಹೆಂಗಸರು ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಸಂಕಟ ಒಂದೇ. ಓಣಿಯ ಮುಂದಿನ ಸಾಲಿನಲ್ಲಿ ನಾಲ್ಕು ಕಾರಖಾನೆ, ಹಗಲೂ ರಾತ್ರಿ ಖಟಖಟ. ಹತ್ತು ತಿಂಗಳ ಕೂಸಿನ ತಾಯಿ ಇಲ್ಲಿಗೆ ಬರುತ್ತೇನೆಂದು ಹೇಗೆ ಅಂದಾಳು? ವೃಷಾಲಿ ಗಡಹಿಂಗ್ಲಜದ ಹುಡುಗಿ. ಮಗ್ಗದ ಸದ್ದಿಲ್ಲದ ಊರಲ್ಲಿ ಬೆಳೆದವಳು.

ಆಗ ಗಂಗುಬಾಯಿಗೆ ಒಂದು ಕಪಟ ಹೊಳೆಯಿತು. ಊರಿನ ಮಗ್ಗಗಳಿಗೆ ಶುಕ್ರವಾರ ವಾರದ ಸೂಟಿ. ಅವತ್ತು ಕಾರಖಾನೆಗಳ ಬಾಗಿಲು ಹಾಕಿರುತ್ತದೆ, ಓಣಿಗೆ ಓಣಿಯೇ ಮಲಗಿರುತ್ತದೆ. ಶುಕ್ರವಾರದ ಮಧ್ಯಾಹ್ನ, ಅಮರ ಕೆಲಸಕ್ಕೆ ಹೋದ ಮೇಲೆ, ಅವಳು ಸೊಸೆಯನ್ನೂ ಮೊಮ್ಮಗಳನ್ನೂ ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಟಳು. ಮೂವತ್ತು ವರ್ಷದಲ್ಲಿ ಅವಳು ಮಾಡಿದ ಮೋಸವೆಂದರೆ ಅದೊಂದೇ ಇರಬೇಕು. ದಾರಿಯುದ್ದಕ್ಕೂ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದಳು.

ವೃಷಾಲಿ ಮನೆಯನ್ನು ನಿಧಾನವಾಗಿ ನೋಡಿದಳು. ಅಡಿಗೆ ಮನೆಯ ಕಿಟಕಿ ತೆಗೆದಳು. ಹಿಂದಿನ ಖೋಲಿಯ ಗೋಡೆ ತಟ್ಟಿದಳು. ಮಣ್ಣಿನ ಹಳೆಯ ಗೋಡೆ, ಮೊಳ ದಪ್ಪ. ರಾಯವ್ವ ಕೂಸನ್ನು ಎತ್ತಿಕೊಂಡು, “ನಮ್ಮ ಓಣ್ಯಾಗ ಕೂಸಿನ ಕಾಲು ನೆಲಕ ಹತ್ತೂದಿಲ್ಲ ಬೇ, ಕೈಯಾಗಿಂದ ಕೈಗೆ ಬೆಳಿತಾವು” ಎಂದು ಹೊರಗೆ ಹೋದಳು. ಹೆಂಗಸರೆಲ್ಲ ಮುತ್ತಿಕೊಂಡರು.

“ಅತ್ತೀ, ಈ ಮನಿ ಛಲೋ ಐತ್ರಿ” ಎಂದಳು ವೃಷಾಲಿ.

ಗಂಗುಬಾಯಿ ಕಾಯುತ್ತಿದ್ದುದು ಆ ಮಾತನ್ನೇ. ಆದರೆ ಅದು ಕಿವಿಗೆ ಬಿದ್ದದ್ದೇ ತಡ, ಅವಳು ಹೊಸ್ತಿಲ ಮೇಲೆ ಕುಕ್ಕರಿಸಿದಳು. ನಂಬಿ ಬಂದ ಹುಡುಗಿ. ನಾಳೆ ಬೆಳಿಗ್ಗೆ ನಾಲ್ಕು ಕಾರಖಾನೆ ಒಮ್ಮೆಲೇ ಶುರುವಾದಾಗ ಅವಳ ಮುಖ ಹೇಗೆ ನೋಡುವುದು? ಹೊಸ್ತಿಲ ಮೇಲೆ ಕುಕ್ಕರಿಸಿದಳು.

“ವೃಷಾ, ಇಲ್ಲಿ ಬಾ ಯವ್ವಾ. ಒಂದ ತಪ್ಪ ಮಾಡೇನಿ. ಇವತ್ತ ಶುಕ್ರವಾರ. ನಿನ್ನ ಬೇಕಂತನ ಇವತ್ತ ಕರಕೊಂಡ ಬಂದೇನಿ. ನಾಳೆ ಬಂದ ನೋಡು, ಈ ಓಣ್ಯಾಗ ನಿನ್ನ ಮಾತ ನಿನಗ ಕೇಳ್ಸೂದಿಲ್ಲ.”

ವೃಷಾಲಿ ಪಕ್ಕದಲ್ಲಿ ಕೂತಳು. ತುಟಿ ಕಚ್ಚಿ ನಗು ತಡೆದುಕೊಂಡಿದ್ದಳು.

“ಅಗಂ ಬಾಯಿ, ನಂಗ ಅಷ್ಟೂ ತಿಳಿಯೂದಿಲ್ಲೇನ್ರಿ? ಎದುರಿಗೆ ನಾಕ ಕಾರಖಾನಿ ಬೋರ್ಡ್ ಬರ್ದೈತಿ. ಕಿಡಕಿ ಜಾಳಗಿಗೆ ಹತ್ತಿ ಧೂಳ ಮೆತ್ತೈತಿ. ರಿಕ್ಷಾದಾಗ ನೀವ ಬೆವರೂದ ನೋಡಿ ನಂಗ ನಗು ಬರಾಕತ್ತಿತ್ತು.”

“ಮತ್ತ ಸುಮ್ಮನ ಯಾಕ ಇದ್ದೀ?”

“ನೀವ ಎಲ್ಲೀ ತನಕಾ ಹೋಗ್ತೀರಿ ನೋಡೂನಂತ.” ವೃಷಾಲಿ ನಗು ನಿಲ್ಲಿಸಿದಳು. “ಅತ್ತೀ, ನೀವ ಈ ಓಣಿ ಯಾಕ ಹುಡಿಕ್ಯಾಡಾಕತ್ತೀರಿ ಅನ್ನೂದೂ ನಂಗ ಗೊತ್ತೈತ್ರಿ. ಮಾವಾರಿಗೆ ಕಿವಿ ಕೇಳ್ಸೂದಿಲ್ಲ.”

ಗಂಗುಬಾಯಿಯ ಕೈಯಿಂದ ಸೆರಗು ಜಾರಿತು.

“ನಾ ಹೇಳಿಲ್ಲ. ಆಣಿ ಐತಿ ನಂದು.”

“ನೀವ ಹೇಳಿಲ್ಲ, ನಾನ ಹೇಳಾಕತ್ತೇನಿ, ಆಣಿ ಮುರದಿಲ್ಲ. ಕೂಸು ಅತ್ರ ಮಾವಾರು ತೊಟ್ಟಲ ಕಡೆ ಹೊಳ್ಳಿ ನೋಡೂದಿಲ್ಲ. ಅದರ ಬಾಯಿ ಕಂಡ್ರ ಮಾತ್ರ ಓಡಿ ಬಂದ ಎತಗೋತಾರ. ಒಂದ ತಿಂಗಳದಾಗ ತಿಳದ್ನಿ. ನೀವ ಮುಚ್ಚಿಟ್ಟೀರಿ ಅಂದ್ರ ಏನೋ ಕಾರಣ ಇರಬೇಕು ಅಂತ ನಾನೂ ಮುಚ್ಚಿಟ್ಟೇನಿ. ಇವರಿಗೂ ಹೇಳಿಲ್ಲ.”

ಅತ್ತೆ ಸೊಸೆ ಇಬ್ಬರೂ ಒಂದೇ ಗಂಟನ್ನು ಬೇರೆಬೇರೆ ಕಡೆಯಿಂದ ಹಿಡಿದು ಕೂತಿದ್ದರು. ಗಂಗುಬಾಯಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

“ಕೂಸಿಗೆ ಗದ್ದಲಾ ಆಗತೈತಲ್ಲ, ಯವ್ವಾ.”

“ಮಾಳದ ಮ್ಯಾಲಿನ ಆ ಕಾಲನಿಯಾಗ ಇವರು ಶೋರೂಮಿಗೆ ಹೋದ್ರ, ನೀವ ಕಾಂಡಿಗೆ ಹೋದ್ರ, ಇಡೀ ದಿನಾ ನಾ ಕೂಸು ಇಬ್ರ. ಆ ಮುಚ್ಚಿದ ಬಾಗಲಾ ನೋಡಿ ನಂಗ ಅವತ್ತ ಓಡಿ ಬರೂನ ಅನಸಿತ್ರಿ. ಹ್ಯಾಂಗ ಹೇಳೂದು, ಇವರು ಅಷ್ಟ ಆಸೇಲೆ ಹುಡಿಕ್ಯಾರ. ಹಿಂದಿನ ಖೋಲಿ ನಮಗ ಕೊಡ್ರಿ, ಗ್ವಾಡಿ ದಪ್ಪ ಐತಿ. ಮುಂದಿನ ಖೋಲಿ ನಿಮಗ. ಮಾವಾರಿಗೆ ಸಪ್ಪಳ ಕೇಳ್ಸೂದಿಲ್ಲ, ನಿಮಗ ಸಪ್ಪಳ ಇಲ್ಲದ ನಿದ್ದೀನ ಬರೂದಿಲ್ಲ.”

ಅದಂತೂ ಖರೆ. ತವರಿಗೆ ಹೋದಾಗಲೆಲ್ಲ ಗಂಗುಬಾಯಿ ಮೊದಲ ರಾತ್ರಿ ಕಣ್ಣು ಬಿಟ್ಟುಕೊಂಡೇ ಕಳೆಯುತ್ತಿದ್ದಳು.

ಇನ್ನು ಉಳಿದವನು ಅಮರ. ಅವನಿಗೆ ಯಾರು ಹೇಳಬೇಕು, ಏನೆಂದು ಹೇಳಬೇಕು ಎಂದು ಇಬ್ಬರೂ ಸಂಜೆಯವರೆಗೆ ಯೋಚಿಸಿದರು. ಕಡೆಗೆ ವೃಷಾಲಿಯೇ, “ಹೇಳೂದ ಬ್ಯಾಡ್ರಿ, ನಾಳೆ ಓಣಿಗೆ ಕರಕೊಂಡ ಹೋಗೂನು. ಉಳದದ್ದ ಅಲ್ಲೇ ಆಗ್ಲಿ” ಎಂದಳು.

ಶನಿವಾರ ಅಮರ ಅರ್ಧ ದಿನ ರಜೆ ಹಾಕಿ ಬಂದ. ಓಣಿಯ ಬಾಯಿಗೆ ಮೋಟಾರ್‌ಸೈಕಲ್ ನಿಲ್ಲಿಸುವ ಹೊತ್ತಿಗೇ ಅವನ ಮುಖ ಕೆಟ್ಟಿತ್ತು. ನಾಲ್ಕು ಕಾರಖಾನೆಗಳೂ ಭರ್ತಿ ನಡೆದಿದ್ದವು. ಕಾಲ ಕೆಳಗಿನ ನೆಲ ಸಣ್ಣಗೆ ಅದುರುತ್ತಿತ್ತು. ಅವನು ಅವ್ವನಿಗೆ ಏನೋ ಕೂಗಿದ, ಹೆಂಡತಿಗೆ ಏನೋ ಕೂಗಿದ. ವೃಷಾಲಿ ಕಿವಿಗೆ ಕೈ ಹಚ್ಚಿ ಕೇಳುವುದಿಲ್ಲವೆಂದು ತೋರಿಸಿ, ಕೂಸನ್ನು ಎತ್ತಿಕೊಂಡು ಹಿಂದಿನ ಖೋಲಿಗೆ ಹೋದಳು.

ಕಾಡಪ್ಪ ಮಾತ್ರ ನಡುರಸ್ತೆಯಲ್ಲಿ ನಿಂತಿದ್ದ. ಎದುರಿನ ಮಾಳಿಗೆಯ ಕಟಕಟೆಗೆ ಒರಗಿ ಗುರುಸಿದ್ದ ಕೈಯಾಡಿಸುತ್ತಿದ್ದ, ಕಾಡಪ್ಪ ಕೆಳಗಿನಿಂದ ಉತ್ತರಿಸುತ್ತಿದ್ದ. ಯಾವನೋ ಸೇಠ ಮಗ್ಗಕ್ಕೆ ಎಣ್ಣೆ ಹಾಕಲು ಜಿಪುಣತನ ಮಾಡಿ ಗಿಯರ್ ಮುರಿಸಿಕೊಂಡ ಕತೆ ಅದು. ಆ ಸೇಠನ ನಡಿಗೆಯನ್ನು ಕಾಡಪ್ಪ ಮಾಡಿ ತೋರಿಸಿದ. ಕಾರಖಾನೆಯ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಇಬ್ಬರು ನೇಕಾರರು ಲೋಟ ಕೆಳಗಿಟ್ಟು ನಕ್ಕರು. ಅಪ್ಪ ಹೀಗೆ ಮಾತಾಡಿದ್ದನ್ನು ಅಮರ ಚಿಕ್ಕಂದಿನಲ್ಲಿ ನೋಡಿದ್ದ, ಆಮೇಲೆ ನೋಡಿರಲಿಲ್ಲ.

ಅವನು ಸೀದಾ ಹೋಗಿ ಅಪ್ಪನ ಎದುರಿಗೆ ನಿಂತ. ಆ ಗದ್ದಲದಲ್ಲಿ ಬೇರೆ ದಾರಿಯೇ ಇರಲಿಲ್ಲ. ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಕೂಗಿದ.

“ಅಪ್ಪಾ, ಈ ಗದ್ದಲದಾಗ ನೀ ಹ್ಯಾಂಗ ಇರ್ತೀ?”

“ಯಾವ ಗದ್ದಲಾನೋ?” ಎಂದ ಕಾಡಪ್ಪ, ಅವನ ತುಟಿ ನೋಡುತ್ತ. “ಇಲ್ಲಿ ಎಲ್ಲಾರೂ ನಮ್ಮಾವರ ಅದಾರ.”

“ಆ ಕಾಲನಿ ಮನಿಯಾಗ ನೀ ಒಂದ ಮಾತೂ ಆಡಲಿಲ್ಲ. ನಿನ್ನ ಸಲುವಾಗಿ ಹುಡಿಕಿದ್ನಿ.”

“ಆ ಮೀಸೀ ಮನಷ್ಯಾ ಏನ ಮಾತಾಡ್ದ ನಂಗೇನ ತಿಳೀತೈತಿ?”

ಅಮರ ಮತ್ತೊಂದು ಮಾತು ಕೂಗಲು ಬಾಯಿ ತೆರೆದವನು ಹಾಗೇ ನಿಂತ. ತನ್ನ ಮಾತು ತನಗೇ ಕೇಳದ ಈ ಓಣಿಯಲ್ಲಿ ಅಪ್ಪ ಪ್ರತಿಯೊಂದಕ್ಕೂ ತಕ್ಕ ಉತ್ತರ ಕೊಡುತ್ತಿದ್ದ. ಮನೆಯ ನಿಶ್ಶಬ್ದದಲ್ಲಿ ಕೊಡದಿದ್ದ ಉತ್ತರ. ಅವನು ದನಿ ಪೂರ್ತಿ ತೆಗೆದುಹಾಕಿ, ಬರೀ ತುಟಿ ಆಡಿಸಿದ.

“ಅಪ್ಪಾ, ನಿನಗ ಕಿವಿ ಕೇಳ್ಸೂದಿಲ್ಲೇನು?”

ಗಂಗುಬಾಯಿ ಕಟ್ಟೆಯ ಮೇಲಿನಿಂದ ಎಲ್ಲ ನೋಡುತ್ತಿದ್ದಳು. ಮಗನ ತುಟಿಯಲ್ಲಿ ಆ ಮಾತು ಕಂಡಾಗ ಅವಳ ಕೈ ತಾನಾಗಿ ಕೊರಳ ತಾಳಿಗೆ ಹೋಯಿತು.

ಕಾಡಪ್ಪ ಆಚೆ ನೋಡಿದ, ಈಚೆ ನೋಡಿದ. ಮಗ್ಗಗಳು ಬಡಿಯುತ್ತಲೇ ಇದ್ದವು. ಇಷ್ಟು ಜನರ ನಡುವೆ ನಿಂತು ಗುಟ್ಟು ಬಿಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು ಎಂದು ಅವನಿಗೆ ಅನ್ನಿಸಿರಬೇಕು.

“ಹೋಗ್ಯಾವೋ, ತಮ್ಮಾ. ಆರ ವರ್ಷಾ ಆತು. ಕೆಲಸಾ ಹೋದೀತಂತ ಹೇಳಲಿಲ್ಲ. ಒಮ್ಮಿ ಹೇಳಲಾರ್ದ ಬಿಟ್ರ ಆಮ್ಯಾಲ ಹೇಳೂದ ಭಾಳ ಕಠಿಣಪಾ.”

“ನೀ ನನ್ನ ಮ್ಯಾಲ ಸಿಟ್ಟಾಗೀ ಅಂತ ತಿಳದಿದ್ನಿ. ಮಗ್ಗಕ್ಕ ಬರೂದಿಲ್ಲ ಅಂದಿದ್ಕ.”

“ಛಲೋ ಮಾಡಿದಿ. ಬಂದಿದ್ರ ನಿನ್ನ ಕಿವೀನೂ ಹೋಗ್ತಿದ್ವು.”

ಅಮರ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಆರು ವರ್ಷ ಅವನು ಹೊತ್ತು ತಿರುಗಿದ್ದು ಇಲ್ಲದ ಸಿಟ್ಟನ್ನು. ಕಾಡಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. ಆ ಹೆಗಲು ಸಡಿಲಾದದ್ದು ಗಂಗುಬಾಯಿಗೆ ದೂರದಿಂದಲೇ ಕಂಡಿತು.

ಅಷ್ಟರಲ್ಲಿ ಮಾಳಿಗೆಯ ಮೇಲೆ ಗುರುಸಿದ್ದ ಎರಡೂ ಕೈ ಆಡಿಸುತ್ತಿದ್ದ. ತುಟಿ ಓದುವವನಿಗೆ ಎಷ್ಟು ಗದ್ದಲವಿದ್ದರೇನು. ಅವನು ಎಲ್ಲವನ್ನೂ ಮೇಲಿನಿಂದ ಓದಿಬಿಟ್ಟಿದ್ದ. ಕಿವಿ ಮುಟ್ಟಿ, ಕಾಡಪ್ಪನ ಕಡೆ ಬೊಟ್ಟು ಮಾಡಿ, ಆಮೇಲೆ ಕೈಯನ್ನು ಊರ ತುಂಬ ಸುತ್ತಿ ತೋರಿಸಿದ.

“ಏನಂತಾನವಾ?” ಅಮರ ಕೇಳಿದ.

ಕಾಡಪ್ಪ ಬಿಡಿಸಿ ಹೇಳಿದ. “ಇದೇನ ಹೊಸಾ ಸುದ್ದೀನೋ ಅಂತಾನ. ಎಲ್ಲಾ ಸೇಠರಿಗೂ ಮದಲ ಗೊತ್ತೈತಂತ. ನನ್ನ ಅಂಗೈ ನೋಡಿ ಕರೀತಾರಂತ, ಕಿವಿ ನೋಡಿ ಅಲ್ಲಂತ.” ಆಮೇಲೆ ಗುರುಸಿದ್ದನ ಕಡೆ ತಿರುಗಿ ಒಂದು ಸನ್ನೆ ಮಾಡಿದ. ಅದನ್ನು ಮಗನಿಗೆ ಬಿಡಿಸಿ ಹೇಳಲಿಲ್ಲ. ಗಂಗುಬಾಯಿಗೆ ಅದರ ಅರ್ಥ ಗೊತ್ತಿತ್ತು. ಹೆಂಗಸರ ಮುಂದೆ ಮಾಡುವ ಸನ್ನೆ ಅದಲ್ಲ.

ಅವಳು ಒಳಗೆ ಹೋಗಿ ನೋಡಿದಳು. ಹಿಂದಿನ ಖೋಲಿಯಲ್ಲಿ ಸದ್ದು ದೂರದ ಮಳೆಯಷ್ಟಿತ್ತು. ಕೂಸು ಅರ್ಧ ಗಂಟೆ ರಗಳೆ ಮಾಡಿ, ರಾಯವ್ವನ ತೊಡೆಯ ಮೇಲೆ ಈಗಷ್ಟೇ ಕಣ್ಣು ಮುಚ್ಚಿತ್ತು. ವೃಷಾಲಿ ಹುಬ್ಬು ಹಾರಿಸಿ ಹೊರಗೇನಾಯಿತು ಎಂದು ಕೇಳಿದಳು. ಗಂಗುಬಾಯಿ ತುಟಿಯಷ್ಟೇ ಆಡಿಸಿ, “ಮನಸ ಹಗುರಾತು” ಎಂದಳು. ಸೊಸೆಗೆ ಅದು ತಿಳಿಯಿತು.

ಕಾಡಪ್ಪ ಮಗನ ಕೈ ಹಿಡಿದುಕೊಂಡು ಮನೆಯೊಳಗೆ ಬಂದ. ಒಂದೊಂದು ಮೂಲೆಯಲ್ಲೂ ಅವನನ್ನು ತನ್ನೆದುರಿಗೆ ತಿರುಗಿಸಿ ನಿಲ್ಲಿಸಿಕೊಂಡು ಹೇಳತೊಡಗಿದ. ಬಚ್ಚಲಿನ ಇಳಿಜಾರು ತಪ್ಪಿದೆ. ಅಡಿಗೆಮನೆಯ ಹೊಗೆಗೆ ದಾರಿಯಿಲ್ಲ. ಮಾಡಿನ ಎರಡು ಜಂತಿ ಬದಲಿಸಬೇಕು. ಇಷ್ಟು ದಿನ ಮನೆ ಮನೆ ಎಂದು ತಿರುಗಿದಿರಲ್ಲ, ನನ್ನನ್ನು ಒಬ್ಬರಾದರೂ ಕೇಳಿದಿರಾ ಎಂದು ಗದರಿದ. ಅಮರ ಹೂಂಗುಟ್ಟುತ್ತಿದ್ದ. ಬರೀ ಹೂಂಗುಟ್ಟಿದರೆ ಕಾಣುವುದಿಲ್ಲವೆಂದು ನೆನಪಾಗಿ, ದೊಡ್ಡದಾಗಿ ತಲೆಯಾಡಿಸತೊಡಗಿದ.